ಮುಖದ ಮೇಲೆ ಕೆಂಪು ಗೀಟು

ಮೋಕ್ಷಾ ಟೀಚರ್ ಕೆಲಸ ಬಿಟ್ಟು ಜಾಹೀರಾತು ಬರೆಯಲು ಕಾಪುವಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಗಿರಾಕಿ ಒಬ್ಬರೂ ಇಲ್ಲ. ಈ ತಿಂಗಳೂ ಸಿಗದಿದ್ದರೆ ಮತ್ತೆ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರ ಮುಂದೆ ಕೈಕಟ್ಟಿ ನಿಲ್ಲಬೇಕು. ಅದಕ್ಕಿಂತ ಸಾಯುವುದು ಮೇಲು ಅನಿಸುತ್ತಿತ್ತು ಅವಳಿಗೆ.

ದುಡ್ಡು ಕೇಳುವ ಮೊದಲು ಕೆಲಸ ತೋರಿಸಬೇಕು ಎಂದು ಎಲ್ಲೋ ಓದಿದ್ದಳು. ಮಲ್ಪೆಯ ಐಸ್ ಪ್ಲಾಂಟ್ ಮಾಲೀಕ ದೇವದಾಸನ ಫ್ಲೆಕ್ಸ್ ಕಣ್ಣಿಗೆ ಬಿತ್ತು. ಅದರಲ್ಲಿ ಮುಕ್ಕಾಲು ಪಾಲು ಅವನ ಮುಖವೇ, ಐಸಿನ ಬಗ್ಗೆ ಒಂದೇ ಸಾಲು. ಅದರ ಫೋಟೊ ತೆಗೆದು, ಮುಖದ ಮೇಲೆ ಅಡ್ಡಡ್ಡ ಕೆಂಪು ಗೀಟು ಎಳೆದು, ಪಕ್ಕದಲ್ಲಿ 'ಮುಖ ಬೇಡ, ಐಸ್ ತೋರಿಸಿ' ಎಂದು ತಿದ್ದಿ ತಾನು ಬರೆದ ಜಾಹೀರಾತನ್ನು ಇಟ್ಟು, ಬಂದರಿನವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಕೆಳಗೆ 'ಮೋಕ್ಷಾ ಟೀಚರ್' ಎಂದು ಹೆಸರು, ಕೋಣೆಯ ವಿಳಾಸ, ನಂಬರು. ಶಾಲೆಯಲ್ಲಿ ತಪ್ಪು ತಿದ್ದಿದ ಕೈ, ದೊಡ್ಡವರ ಮುಖಕ್ಕೆ ಗೀಟು ಹಾಕಬಾರದು ಎಂದು ಅದಕ್ಕೆ ಹೊಳೆಯಲೇ ಇಲ್ಲ.

ಮರುದಿನ ಮೀನಿನ ಹರಾಜಿನಲ್ಲಿ ಎದುರಾಳಿ ಐಸ್ ಪ್ಲಾಂಟಿನ ಮಾಲೀಕ ರೊಸಾರಿಯೊ ಅದನ್ನು ಗಟ್ಟಿಯಾಗಿ ಓದಿದ. ಬಂದರಿಗೆ ಬಂದರೇ ಬಿದ್ದು ಬಿದ್ದು ನಕ್ಕಿತು.

ಮಧ್ಯಾಹ್ನ ಅವಳ ಕೋಣೆಯ ಬಾಗಿಲು ಒದೆತಕ್ಕೆ ತೆರೆಯಿತು. ದೇವದಾಸನ ಕೈಯಲ್ಲಿ ಐಸ್ ಗಡ್ಡೆ ಎಳೆಯುವ ಕಬ್ಬಿಣದ ಕೊಕ್ಕೆ.

"ಎಂತ ಟೀಚರ್ರೇ, ನನ್ನ ಮುಖದಲ್ಲಿ ಎಂತ ತಪ್ಪು ಉಂಟು?"

"ಕೂತು ಮಾತಾಡುವ, ದೇವದಾಸಣ್ಣ."

ಮೊದಲ ಏಟಿಗೇ ಲ್ಯಾಪ್‌ಟಾಪ್ ಎರಡಾಯಿತು. ಅಡ್ಡ ಬಂದ ಅವಳ ಬಲಗೈ ಮೇಲೆ ಎರಡನೆಯದು ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಎಡಗೈಗೆ ಸಿಕ್ಕ ಸ್ಟೀಲ್ ನೀರಿನ ಬಾಟಲಿ ಬೀಸಿದಳು. ಅವನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು, ಕೊಕ್ಕೆ ಕೆಳಗೆ ಬಿತ್ತು. ಇಬ್ಬರೂ ಗೋಡೆಗೊರಗಿ ಏದುಸಿರು ಬಿಡುತ್ತಾ ಕುಸಿದರು.

ಆಗ ಫೋನು ರಿಂಗಾಯಿತು. ಅವಳು ಎಡಗೈಯಿಂದ ತಡವರಿಸಿ ಒತ್ತಿದ್ದು ಸ್ಪೀಕರನ್ನು.

"ರೊಸಾರಿಯೊ ಮಾತಾಡುವುದು. ಬರವಣಿಗೆ ಭಾರೀ ಲಾಯ್ಕ್ ಉಂಟು, ಟೀಚರ್. ದೇವದಾಸನಿಗೆ ವಾರಕ್ಕೊಂದು ಹೀಗೇ ಹಾಕಬೇಕು. ನೀವು ಕೇಳಿದಷ್ಟು ಕೊಡುವ."

ಮೊದಲ ಗಿರಾಕಿ. ಆಗಲಿ ಎನ್ನಲು ಅವಳ ಬಾಯಿ ತೆರೆದೇಬಿಟ್ಟಿತ್ತು. ಎದುರಿಗೆ ದೇವದಾಸ ಶರ್ಟಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ, ರಕ್ತವೋ ನೀರೋ ತಿಳಿಯಲಿಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಿಮ್ಮ ಐಸಿನ ಬಗ್ಗೆ ಬೇಕಾದರೆ ಬರೆಯುತ್ತೇನೆ, ಸರ್. ಇನ್ನೊಬ್ಬರ ಮುಖದ ಬಗ್ಗೆ ಇಲ್ಲ."

ಆ ಕಡೆ ಫೋನು ಕಟ್ಟಾಯಿತು. ಶಾಲೆಯ ಗೇಟು ಅವಳ ಕಣ್ಣ ಮುಂದೆ ಬಂತು.

ದೇವದಾಸ ಗೋಡೆ ಹಿಡಿದು ಎದ್ದು ನಿಂತ. "ಏಳಿ, ಉಡುಪಿ ಆಸ್ಪತ್ರೆಗೆ ಹೋಗುವ. ನನ್ನದು ತಪ್ಪಾಯಿತು, ಟೀಚರ್ರೇ."

ಹೊರಗೆ ಅವನ ಪಿಕಪ್ ನಿಂತಿತ್ತು, ಅದರ ಬಾಗಿಲ ಮೇಲೂ ಫ್ಲೆಕ್ಸಿನ ಅದೇ ನಗುಮುಖ. ಮೋಕ್ಷಾ ಎಡಗೈಯಲ್ಲಿ ಕೊಕ್ಕೆ ಎತ್ತಿಕೊಂಡು ಬಂದವಳು, ಅದರ ಮೊನೆಯಿಂದ ಆ ಮುಖದ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಬಣ್ಣ ಕಿತ್ತುಬರುವಂತೆ ಗೀರಿದಳು. ಅವನು ತಡೆಯಲಿಲ್ಲ.

ಕೊಕ್ಕೆ ಬಿಸಾಡಿ ಸೀಟು ಹತ್ತಿ ಕೂತಳು. "ಈ ಗೀಟಿಗೆ ದುಡ್ಡು ಬೇಡ, ದೇವದಾಸಣ್ಣ. ಗಾಡಿ ಬಿಡಿ."