ಖಾಲಿ ಪಟ್ಟಿಗೆ ಹಾಕಿದ ಸಹಿ

ಗೆದ್ದೆವೆಂದು ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾಗ, ಎದುರು ತಂಡದ ಕೋಚಮ್ಮ ಸ್ಕೋರು ಪುಸ್ತಕ ಹಿಡಿದು ನಿಧಾನವಾಗಿ ಅಂಪೈರ್ ಹತ್ತಿರ ನಡೆದು ಬಂದಳು. ಆ ನಿಧಾನ ನೋಡಿಯೇ ಕ್ಯಾಪ್ಟನ್ ಕುಣಿಯುವುದು ನಿಲ್ಲಿಸಿದಳು.

ಮಹಿಳಾ ಕಾಲೇಜುಗಳ ಸಾಫ್ಟ್‌ಬಾಲ್ ಫೈನಲ್ ಅದು. ಕೊನೆಯ ಇನಿಂಗ್ಸ್, ಎರಡು ಔಟ್, ಒಂದು ರನ್ ಹಿಂದೆ. ಕ್ಯಾಪ್ಟನ್ ಬೀಸಿದ ಏಟಿಗೆ ಚೆಂಡು ಬೇಲಿಗೆ ಬಡಿದು, ಇಬ್ಬರು ಓಡಿ ಬಂದಿದ್ದರು. ಮೂರು ವರ್ಷ ಮೊಣಕೈ ಮೊಣಕಾಲು ತರಚಿಕೊಂಡು ಆಡಿದವಳಿಗೆ ಇದೇ ಕಾಲೇಜಿನ ಕೊನೆಯ ಪಂದ್ಯ.

ಅಂಪೈರ್ ಜೇಬಿನಿಂದ ಬ್ಯಾಟಿಂಗ್ ಸರದಿಯ ಪಟ್ಟಿ ತೆಗೆದರು. ಅದರಲ್ಲಿ ನಾಲ್ಕನೆಯವಳು ತಂಡದವರೆಲ್ಲ ಮರಿ ಎಂದು ಕರೆಯುವ ಹುಡುಗಿ, ಐದನೆಯವಳು ಕ್ಯಾಪ್ಟನ್. ಇವರಿಬ್ಬರೂ ಆಡಿದ್ದು ಹಿಂದುಮುಂದಾಗಿ. ಸರದಿ ತಪ್ಪಿದೆ ಎಂದು ಎದುರಿನವರು ಹೇಳಿದರೆ ಮುಗಿಯಿತು, ಏಟೂ ಇಲ್ಲ, ರನ್ನೂ ಇಲ್ಲ, ಸರದಿ ಯಾರದಿತ್ತೋ ಅವಳೇ ಔಟ್. ಆ ತಂಡದವರು ಇದನ್ನು ಮೊದಲ ಇನಿಂಗ್ಸಿನಲ್ಲೇ ಕಂಡಿದ್ದರು. ಬೇಕಾದಾಗ ಉಪಯೋಗಕ್ಕೆ ಬರಲಿ ಎಂದು ತುಟಿಪಿಟಕ್ಕೆನ್ನದೆ ಕೂತಿದ್ದರು. ಆ ಸಲ ಬ್ಯಾಟೇ ಹಿಡಿಯದ ಮರಿ ಔಟಾದಳು, ಕಪ್ ಆ ಕಡೆ ಹೋಯಿತು. ಮರಿ ಮೊದಲ ವರ್ಷದ ಹುಡುಗಿ. ತಂಡದಲ್ಲಿದ್ದಾಳೆಂಬ ಒಂದೇ ಕಾರಣಕ್ಕೆ ಹಾಸ್ಟೆಲಿನಲ್ಲಿ ಅವಳಿಗೊಂದು ಮಂಚ ಸಿಕ್ಕಿತ್ತು.

ಪಟ್ಟಿ ಬರೆದವರು ಕೋಚ್ ಸರ್. ಬೆಳಗ್ಗೆ ಹುಡುಗಿಯರಿಗೆ ಬಾಯಲ್ಲಿ ಹೇಳಿದ ಸರದಿ ಒಂದು. ಆಮೇಲೆ ಅತಿಥಿಗಳ ಜತೆ ಫೋಟೊಗೆ ನಿಲ್ಲುವ ಅವಸರದಲ್ಲಿ ಸೆಮಿಫೈನಲ್ ಪಟ್ಟಿಯನ್ನೇ ನಕಲು ಹೊಡೆದು ಅಂಪೈರ್‌ಗೆ ಕೊಟ್ಟಿದ್ದರು. ಕೆಳಗೆ ಕ್ಯಾಪ್ಟನ್‌ಳ ಸಹಿ ಬೇರೆ. ಪ್ರತಿ ಟೂರ್ನಮೆಂಟಿಗೂ ಬಸ್ಸಿನಲ್ಲೇ ಐದಾರು ಖಾಲಿ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವುದು ಸರ್ ಪದ್ಧತಿ. “ಬರಿಯೋ ತಲೆನೋವು ನಿನಗ್ಯಾಕಮ್ಮ” ಎನ್ನುತ್ತಿದ್ದರು, ಇವಳು ಕೋಲೆಬಸವನ ಹಾಗೆ ತಲೆಯಾಡಿಸಿ ಗೀಚುತ್ತಿದ್ದಳು. ಅದನ್ನು ನೆನೆದು ಅವಳಿಗೆ ತನ್ನ ಮೇಲೆಯೇ ಮೈಯೆಲ್ಲ ಉರಿಯಿತು.

ಮೈದಾನದ ಆಫೀಸು ರೂಮಿನಲ್ಲಿ ಪ್ರಿನ್ಸಿಪಾಲ್ ಮೇಡಂ, ತಪ್ಪು ಯಾರದೆಂದು ಕ್ಯಾಪ್ಟನ್ ಬರೆದುಕೊಡಲಿ ಎಂದು ಕಾಯುತ್ತಿದ್ದರು. ಸರ್ ಬಾಗಿಲ ಹೊರಗೇ ಅವಳನ್ನು ತಡೆದರು.

“ನೋಡಮ್ಮ, ಮರಿ ಹೆದರ್ಕೊಂಡು ‘ನೀನೇ ಮೊದ್ಲು ಹೋಗಕ್ಕ’ ಅಂದ್ಲು ಅಂತ ಬರ್ಕೊಡು. ಚಿಕ್ಕೋಳು, ನಾಲ್ಕು ದಿನ ಅತ್ತು ಸುಮ್ನಾಗ್ತಾಳೆ.”

“ಅವಳನ್ನ ತಂಡದಿಂದ ತೆಗೀತಾರೆ ಸರ್. ಹಾಸ್ಟೆಲ್ಲೂ ಹೋಗುತ್ತೆ.”

“ಅದೆಲ್ಲ ಆಮೇಲೆ ನೋಡೋಣ. ವಿಶ್ವವಿದ್ಯಾಲಯ ತಂಡಕ್ಕೆ ನಿನ್ನ ಶಿಫಾರಸು ಪತ್ರ ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ?”

ಗೊತ್ತಿತ್ತು. ಆ ಪತ್ರಕ್ಕಾಗಿಯೇ ಅವಳು ಮೂರು ವರ್ಷ ಈ ಮನುಷ್ಯನ ಬೈಗುಳವನ್ನೆಲ್ಲ ನುಂಗಿದ್ದಳು. ತಾನು ಫೋಟೊಗೆ ಹಲ್ಲು ಕಿರಿದು ಮಾಡಿದ ತಪ್ಪಿಗೆ ಹದಿನೆಂಟರ ಹುಡುಗಿಯ ತಲೆ ಮೇಲೆ ಗೂಬೆ ಕೂರಿಸುತ್ತಾನಲ್ಲ, ಅದೂ ಅಷ್ಟು ಮೆಲ್ಲಗೆ, ಮಗಳೇ ಎನ್ನುವ ಧಾಟಿಯಲ್ಲಿ. ಬೆಂಚಿನ ಮೇಲೆ ಮರಿ ಹೆಲ್ಮೆಟ್ಟನ್ನೂ ಬಿಚ್ಚದೆ ಬಿಕ್ಕುತ್ತಿದ್ದಳು.

ಕ್ಯಾಪ್ಟನ್ ಒಳಗೆ ಹೋಗಿ ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆದಳು. ಪೆನ್ನು ಒತ್ತಿದ ರಭಸಕ್ಕೆ ಒಂದು ಕಡೆ ಹಾಳೆ ತೂತಾಯಿತು. ಬರೆದದ್ದನ್ನು ಮೇಡಂಗೆ ಕೊಟ್ಟಳು. ಅವರು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

“ಸರ್, ನಿಮ್ದೂ ಸಹಿ ಬೇಕು,” ಎಂದಳು ಕ್ಯಾಪ್ಟನ್, ಹಿಂದೆಯೇ ಒಳಬಂದಿದ್ದ ಸರ್ ಕಡೆ ತಿರುಗಿ.

ತಾನು ಹೇಳಿದ್ದನ್ನೇ ಬರೆದಿದ್ದಾಳೆಂಬ ಭರವಸೆಯಲ್ಲಿ ಸರ್ ಹಾಳೆಯತ್ತ ಬಗ್ಗಿದರು. ಅವಳು ಅದರ ಮೇಲೆ ಅಂಗೈ ಊರಿದಳು.

“ಓದಿ ಹಾಕಿ ಸರ್. ಓದ್ದೆ ಹಾಕಿದ್ರೆ ಏನಾಗುತ್ತೆ ಅಂತ ನಂಗೆ ಇವತ್ತು ಗೊತ್ತಾಯ್ತು.”

ಸರ್ ಓದಿದರು. ‘ಪಟ್ಟಿ ತಪ್ಪಾಗಿ ಬರೆದವರು ಕೋಚ್. ಖಾಲಿ ಪಟ್ಟಿಗೆ ಸಹಿ ಹಾಕಿದ್ದು ನನ್ನ ತಪ್ಪು. ಕೋಚ್ ಬೆಳಗ್ಗೆ ಬಾಯಲ್ಲಿ ಹೇಳಿದ ಸರದಿಯಲ್ಲೇ ನಾವು ಆಡಿದೆವು. ಮರಿಯದು ಯಾವ ತಪ್ಪೂ ಇಲ್ಲ.’ ಅವರ ಕಿವಿ ಕೆಂಪಾಯಿತು.

“ಆ ಪತ್ರ ಬೇಡ್ವಾ ನಿಂಗೆ?” ಎಂದರು ಹಲ್ಲು ಕಚ್ಚಿ.

“ಹರ್ದಾಕಿ.”

ಪ್ರಿನ್ಸಿಪಾಲ್ ಮೇಡಂ ತಮ್ಮ ಪೆನ್ನಿನ ಮುಚ್ಚಳ ತೆಗೆದು ಸರ್ ಮುಂದೆ ಹಿಡಿದರು.