ಹಿಮ ಕಂಡ ಚಕ್ರ

ನಾನು ಒಂದು ಅಲಾಯ್ ಚಕ್ರ. ಈ ಮೈಮೇಲೆ ಹಿಮ ಬಿದ್ದಿದೆ. ನಿಮ್ಮ ಮೇಲೆ ಬಿದ್ದಿದೆಯಾ? ಇಲ್ಲ ತಾನೇ? ಹಾಗಾದರೆ ಸುಮ್ಮನೆ ಕೂತು ಕೇಳಿ. ಈ ಕಥೆಗೆ ಹೀರೋ ನಾನೇ. ವಿಲನ್ ಕೂಡ ನನ್ನ ಪರ್ಮಿಷನ್ ತಗೊಂಡೇ ಎಂಟ್ರಿ ಕೊಡಬೇಕು.

ಕುದಿಯುವ ಅಲ್ಯೂಮಿನಿಯಂ ಅಚ್ಚಿಗೆ ಬಿದ್ದಾಗ ನಾನು ಹುಟ್ಟಿದೆ. ಹುಟ್ಟುತ್ತಲೇ ನಾಲ್ಕು ಬೋಲ್ಟ್ ತೂತು, ನಡುವೆ ಒಂದು ದೊಡ್ಡ ತೂತು, ಮೈತುಂಬ ಮಿಂಚು. ನಾನಿದ್ದ ಮೊದಲ ಕಾರು ಲಾರಿಗೆ ಗುದ್ದಿ ಮುದ್ದೆಯಾಯಿತು. ಜೊತೆಗಿದ್ದ ಮೂರೂ ಚಕ್ರಗಳು ಸೊಟ್ಟಗಾಗಿ ಲೋಹ ಕರಗಿಸುವ ಭಟ್ಟಿ ಸೇರಿದವು. ನನಗೆ ಒಂದು ಗೀರೂ ಇಲ್ಲ! ಹುಬ್ಬಳ್ಳಿಯ ಗುಜರಿ ಅಂಗಡಿಯ ಖಾದರಸಾಬ್ ನನ್ನನ್ನು ಬಾಗಿಲಿಗೆ ನೇತುಹಾಕಿದ.

“ಒಂಟಿ ಚಕ್ರ ಯಾರ ಒಯ್ತಾರಲೇ? ಈ ಸಲ ನೀನೂ ಭಟ್ಟಿಗೇ” ಎಂದು ದಿನಾ ಹೆದರಿಸುತ್ತಿದ್ದ. ಭಟ್ಟಿಗೆ? ನಾನು? ಬೆಂಕಿಯಲ್ಲಿ ಹುಟ್ಟಿದವನಿಗೆ ಬೆಂಕಿ ತೋರಿಸ್ತೀಯಾ? ಹೀಗೆಂದು ಮನಸ್ಸಲ್ಲೇ ಗುಡುಗುತ್ತಿದ್ದೆ.

ಒಂದು ಬೆಳಿಗ್ಗೆ ಫೋಟೊ ಸ್ಟುಡಿಯೊದ ಮೌನೇಶ ಹೆಂಡತಿ ಇಂದುಮತಿಯ ಜೊತೆ ಬಂದ. ಮನಾಲಿಯ ಹಿಮದಲ್ಲಿ ಮದುಮಕ್ಕಳ ಫೋಟೊ ತೆಗೆಯುವ ಆರ್ಡರ್ ಅವನಿಗೆ ಸಿಕ್ಕಿತ್ತು. ಕಾರು ಓಡಿಸುವವಳು ಇಂದುಮತಿ. ಹಿಮಕ್ಕೆಂದೇ ಮಾಡಿದ ನಾಲ್ಕು ಟೈರ್ ಅವರ ಹತ್ತಿರ ಇದ್ದವು. ಬಿಸಿಲಿನ ರಸ್ತೆಯಲ್ಲಿ ಅವು ಬೇಗ ಸವೆಯುತ್ತವೆ. ಅದಕ್ಕೆ ಅವನ್ನು ಬೇರೆ ಚಕ್ರಗಳಿಗೆ ಹಾಕಿಸಿ, ಕಾರಿನ ಮೇಲೆ ಕಟ್ಟಿಕೊಂಡು ಹೋಗಿ, ಘಟ್ಟದ ಬುಡದಲ್ಲಿ ಬದಲಾಯಿಸುವುದೆಂದು ಯೋಚಿಸಿದ್ದರು. ಅವರ ಕಾರಿಗೆ ಹೊಂದುವ ಮೂರು ಕಬ್ಬಿಣದ ಚಕ್ರ ಸಿಕ್ಕವು. ನಾಲ್ಕನೆಯದು ಇಲ್ಲ.

“ಈ ಹೀರೋನ್ನ ಒಯ್ರಿ” ಎಂದು ಖಾದರಸಾಬ್ ನನ್ನ ಬೆನ್ನು ತಟ್ಟಿದ. “ನಿಮ್ಮ ಗಾಡಿಗೆ ನಾಕು ತೂತು, ಇದಕ್ಕೂ ನಾಕು. ತೂತಿಗೆ ತೂತು ಕುಂತ್ರ ಮುಗೀತು.”

ಇಂದುಮತಿ ನನ್ನ ನಡುವಿನ ತೂತಿಗೆ ಕೈ ಹಾಕಿ ನೋಡಿದಳು. “ಇದು ದೊಡ್ಡದಾತಲ್ಲ, ಗಟ್ಟಿ ಕುಂದ್ರೂದಿಲ್ಲ. ಅಗಲಾನೂ ಜಾಸ್ತಿ ಕಾಣತೈತಿ.”

“ಎಲ್ಲಾದ್ರಾಗೂ ಹುಳುಕು ಹುಡುಕ್ತಿ ನೋಡು. ನನ್ನನ್ನೂ ಹಿಂಗ ಅಳದು ಮದಿವಿ ಆದೇನು?”

“ಆಗ ಅಳೀಲಿಲ್ಲಲ್ರೀ, ಅದಕ್ಕ ಈಗ ಅಳೀತೀನಿ.”

ಖಾದರಸಾಬ್ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ನನ್ನನ್ನು ಅಳೆಯೋಕೆ ಇವಳ್ಯಾರು?

ಕೊನೆಗೆ ಮೌನೇಶನ ಹಟವೇ ಗೆದ್ದಿತು. ಹೊರಡುವ ಮೊದಲು ಒಮ್ಮೆ ಹಾಕಿ ನೋಡಲೆಂದು ನಾಲ್ಕೂ ಚಕ್ರಗಳನ್ನು ಕಾರಿಗೆ ಜೋಡಿಸಿದರು; ಟೈರ್ ತೊಟ್ಟು ನಾನು ಮುಂದಿನ ಎಡಗಡೆ ನಿಂತೆ. ಅವನು ಆಗಲೇ ಪೂಜೆ ಶುರುಮಾಡಿ, ಬಾನೆಟ್ಟಿಗೂ ನಾಲ್ಕೂ ಚಕ್ರಗಳ ಮೇಲಿನ ಮಡ್‌ಗಾರ್ಡಿನ ಅಂಚಿಗೂ ದಪ್ಪಗೆ ಅರಿಷಿಣ ಬಳಿದ. ನಿಂಬೆಹಣ್ಣು ತರಲು ಹೊರಟವನನ್ನು ಇಂದುಮತಿ ತಡೆದಳು.

“ನಿಂಬಿಹಣ್ಣು ಆಮ್ಯಾಲ. ಮೊದ್ಲ ಸಾಮಾನೆಲ್ಲಾ ಹೇರ್ರಿ, ನೀವೂ ಕೂಡ್ರಿ. ಉಣಕಲ್ ಕೆರಿತನಕ ಒಂದು ರೌಂಡ್ ಹೊಡದು ಬರೂಣು.”

ಹೊರಟೆ ನೋಡಿ! ವೇಗ ಏರಿದಂತೆ ಸ್ಟೇರಿಂಗ್ ಗಡಗಡ ಎಂದಿತು. ಅದು ನಡುಕವಲ್ಲ, ನನ್ನ ಡ್ಯಾನ್ಸ್. ತಿರುವಿನಲ್ಲಿ ಕರ್ರ್ ಅಂತ ಸದ್ದು ಬಂತು. ಅದು ನನ್ನ ಬ್ಯಾಕ್‌ಗ್ರೌಂಡ್ ಮ್ಯೂಸಿಕ್. ಕೆರೆ ಹತ್ತಿರ ಇಂದುಮತಿ ಕಾರು ನಿಲ್ಲಿಸಿ, ಇಳಿದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಏನ್ರೀ, ಮಡ್‌ಗಾರ್ಡಿಗೆ ಹಚ್ಚಿದ ಅರಿಷಿಣ ಟೈರಿಗೆ ಹೆಂಗ ಬಂತು?”

ಮೌನೇಶ ಬಗ್ಗಿ ನೋಡಿದ. ಉಳಿದ ಮೂರು ಟೈರ್ ಕಪ್ಪಗಿದ್ದವು. ನನ್ನ ಟೈರಿನ ಭುಜಕ್ಕೆ ಮಾತ್ರ ಹಳದಿ ಪಟ್ಟಿ.

“ಚಕ್ರ ಹೊರಗ ಚಾಚೇತಿ, ಉಜ್ಜಾಕತ್ತೇತಿ” ಎಂದಳು ಇಂದುಮತಿ. “ ಹಿಮದ ಘಾಟಿನ್ಯಾಗ ತಿರುವಿದಾಗ ಹಿಡಕೊಂಡ್ರ? ಗಾಡ್ಯಾಗ ಮದುಮಕ್ಕಳೂ ಇರ್ತಾರ, ಪಕ್ಕದಾಗ ಕೊಳ್ಳ.”

“ಆರ್ಡರ್ ಹೋದ್ರ ಹೋಗಲಿ ಅಂತೀ?”

“ಹೋಗೂದು ಬ್ಯಾಡ ಅಂದೆನೇನ್ರೀ? ಸರಿ ಚಕ್ರ ಸಿಗೂತನಕ ಹೊರಡೂದು ಬ್ಯಾಡ ಅಂದೆ.”

ಮೌನೇಶ ಅಂಗೈಯಿಂದ ಆ ಹಳದಿ ಒರೆಸಿದ.

ತಪ್ಪು ಮಡ್‌ಗಾರ್ಡಿನದು, ನನ್ನದಲ್ಲ! ಯಾರು ಏನೇ ಹೇಳಲಿ, ಮುಂದೆ ನಾನು ಮನಾಲಿಗೆ ಹೋದೆ, ಘಟ್ಟ ಹತ್ತಿದೆ, ಹಿಮವನ್ನು ಪುಡಿಪುಡಿ ಮಾಡಿ...

ಯಾಕೆ ಹಾಗೆ ದುರುಗುಟ್ಟಿ ನೋಡ್ತೀರಿ? ಸರಿ, ಹೇಳ್ತೀನಿ.

ನಾನು ಮರಳಿ ಗುಜರಿಗೆ ಬಂದೆ. ಗದಗದಲ್ಲಿ ನಾಲ್ಕನೆಯ ಕಬ್ಬಿಣದ ಚಕ್ರ ಸಿಕ್ಕಿ ಅವರು ಮನಾಲಿಗೆ ಹೋಗಿಬಂದರು. ಅಷ್ಟರಲ್ಲಿ ಖಾದರಸಾಬ್ ನನ್ನನ್ನು ಭಟ್ಟಿಯ ರಾಶಿಗೆ ಎಸೆದಿದ್ದ. ಅಲ್ಲಿಗೆ ಐಸ್ ಗೋಲಾ ಮಾರುವ ಯಲ್ಲಕ್ಕ ಬಂದಳು. ಗಾಳಿ ಬೀಸಿದರೆ ಸಾಕು, ಅವಳ ಗಾಡಿಯ ದೊಡ್ಡ ಛತ್ರಿ ಮಗುಚುತ್ತಿತ್ತಂತೆ. ಛತ್ರಿಯ ಕಂಬವನ್ನು ತಂದು ನನ್ನ ನಡುವಿನ ತೂತಿಗೆ ಇಳಿಸಿದಳು. ಟಕ್ ಅಂತ ಕೂತಿತು. ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ.

ಈಗ ನಾನು ಅವಳ ಗಾಡಿಯ ಪಕ್ಕ ನೆಲದ ಮೇಲೆ ಮಲಗಿದ್ದೇನೆ. ಮೇಲೆ ಯಲ್ಲಕ್ಕ ಐಸ್ ಹೆರೆಯುತ್ತಾಳೆ, ಚೂರುಗಳು ನನ್ನ ಮೇಲೆ ಉದುರುತ್ತವೆ. ನಾನು ಕಂಡ ಹಿಮ ಇದೇ. ಕೆಲವು ಸಲ ಗುಲಾಬಿ ಬಣ್ಣದ್ದು.

ಮೊನ್ನೆ ಇಂದುಮತಿ ಗೋಲಾ ತಿನ್ನಲು ಬಂದವಳು ನನ್ನನ್ನು ಗುರುತು ಹಿಡಿದಳು. ಬೀಸುಗಾಳಿ ಇತ್ತು, ಛತ್ರಿ ಕದಲಲಿಲ್ಲ. ಚಪ್ಪಲಿಯ ತುದಿಯಿಂದ ನನ್ನನ್ನು ಮೆಲ್ಲಗೆ ತಟ್ಟಿ ಅಂದಳು: “ಇಲ್ಲಿ ನೋಡ್ರೀ ಯಲ್ಲಕ್ಕ, ಎಷ್ಟು ಗಟ್ಟಿ ಕುಂತಾನ!”

ಒಂದು ಪಂಚ್ ಡೈಲಾಗ್ ರೆಡಿ ಇತ್ತು. ಹೊಡೆಯಲಿಲ್ಲ. ಆ ದಿನ ಕೆರೆಯ ದಾರಿಯಲ್ಲಿ ಅದು ಡ್ಯಾನ್ಸ್ ಆಗಿರಲಿಲ್ಲ. ನಡುಗಿದ್ದು ನಾನೇ.