ಎರಡು ತುದಿ, ಒಂದೇ ಡಬ್ಬ

ಹತ್ತೊಂಬತ್ತು ವರ್ಷ ಹಲ್ಲಿನ ಆಸ್ಪತ್ರೆಯಲ್ಲಿ ನಿಂತೇ ದುಡಿದ ನರ್ಸಮ್ಮನಿಗೆ ಮೊಣಕಾಲು ಕೈಕೊಟ್ಟಿತ್ತು. "ನೆಟ್‌ವರ್ಕ್ ನೋಡ್ಕೊಳ್ಳೋದು ಕಲಿತರೆ ಕೌಂಟರಿನ ಕುರ್ಚಿ ನಿಮ್ಮದೇ," ಅಂದಿದ್ದರು ಡಾಕ್ಟರಮ್ಮ. ಕೂತು ಮಾಡುವ ಕೆಲಸ! ಆ ಆಸೆಗೆ ಪಾಪ, ಆರು ಭಾನುವಾರ ತರಗತಿಗೆ ಅಲೆದಳು. ಸ್ವಿಚ್ ಅಂದರೆ ಒಳಗಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತಾಡಿಸುವ ಡಬ್ಬ, ರೌಟರ್ ಅಂದರೆ ಹೊರಗಿನ ಇಂಟರ್ನೆಟ್ಟಿಗೆ ದಾರಿ ತೋರಿಸುವ ಡಬ್ಬ, ದಪ್ಪ ಗೋಡೆಯಾಚೆ ವೈಫೈ ಸೊರಗುತ್ತದೆ. ಇಷ್ಟು ತಲೆಗೆ ಹತ್ತುವಷ್ಟರಲ್ಲಿ ಸಾಕೋಸಾಕಾಗಿತ್ತು.

ಮಂಗಳವಾರ ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನಲ್ಲಿ ಒಂದು ಎಕ್ಸ್‌ರೇಯೂ ತೆರೆಯಲೊಲ್ಲದು, ವೈಫೈಯೂ ಇಲ್ಲ. ದವಡೆ ಹಿಡಿದುಕೊಂಡ ಹನ್ನೊಂದು ಜನ ಬೆಂಚಿನ ಮೇಲೆ ಗೊಣಗುತ್ತಿದ್ದರು. ಡಾಕ್ಟರಮ್ಮನಿಗೆ ಪಿತ್ತ ನೆತ್ತಿಗೇರಿ, ಕಸ ಗುಡಿಸುವ ಆಯಮ್ಮನ ಮೇಲೆ ಹರಿಹಾಯ್ದರು. "ನಿನ್ನೆ ಡಬ್ಬಗಳಿರೋ ಆ ಮೂಲೆ ಒರೆಸಿದ್ದು ನೀನೇ ತಾನೆ? ಏನೋ ಎಳೆದು ಹಾಳುಮಾಡಿದೀಯ. ನಾಳೆಯಿಂದ ಬರ್ಬೇಡ!" ಆಯಮ್ಮ ಪೊರಕೆ ಮೂಲೆಗಿಟ್ಟು ತನ್ನ ಚೀಲ ತರಲು ಹೋದಳು.

ನರ್ಸಮ್ಮ ಹಲ್ಲು ಕಚ್ಚಿಕೊಂಡು ಕೌಂಟರಿನ ಕೆಳಗೆ ಮಂಡಿಯೂರಿದಳು. ರೌಟರ್ ಆರಿಸಿ ಹಚ್ಚಿದಳು. ಉಹುಂ. ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಒಂದೊಂದೇ ವೈರು ಹಿಡಿದು ಹೋದಳು. ನೀಲಿ ವೈರಿನ ಎರಡು ತುದಿಯೂ ಅದೇ ಡಬ್ಬದೊಳಗೆ! ಹಾಗೆ ಮಾಡಿದರೆ ಸಂದೇಶ ಅಲ್ಲೇ ಗಿರಗಿರ ಸುತ್ತಿ ಬೇರೆ ಯಾವುದಕ್ಕೂ ದಾರಿ ಬಿಡುವುದಿಲ್ಲ ಅಂತ ತರಗತಿಯ ಮೇಷ್ಟ್ರು ಬಡಕೊಂಡಿದ್ದರು.

ಅವಳಿಗೆ ಥಟ್ಟನೆ ನೆನಪಾಯಿತು. ನಿನ್ನೆ ಸಂಜೆ ಕಂಪ್ಯೂಟರುಗಳೆಲ್ಲ ಮುಚ್ಚಿದ ಮೇಲೆ, ಆ ವೈರಿನ ಒಂದು ತುದಿ ಜೋತಾಡಿಕೊಂಡಿದ್ದರೆ ಚೆನ್ನಾಗಿರಲ್ಲ ಅಂತ ಸ್ವಿಚ್ಚಿನ ಖಾಲಿ ತೂತಿಗೆ ಚುಚ್ಚಿದ್ದವಳು ಅವಳೇ.

ಕಿತ್ತಳು. ದೀಪಗಳು ಶಾಂತವಾದವು, ಎಕ್ಸ್‌ರೇ ತೆರೆಯಿತು.

"ಭೇಷ್! ಕುರ್ಚಿ ನಿಮ್ಮದಾಯ್ತು," ಅಂದರು ಡಾಕ್ಟರಮ್ಮ. "ಇದನ್ನ ಚುಚ್ಚಿದ್ದು ಆ ಆಯಮ್ಮ ತಾನೆ?"

ಹೂಂ ಅಂದರೆ ಮುಗಿಯಿತು. ಮೊಣಕಾಲು ಹೂಂ ಅನ್ನು ಅಂತಲೇ ಪೀಡಿಸಿತು. ಆದರೆ ಆಯಮ್ಮ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದಳು.

"ಇಲ್ಲ ಡಾಕ್ಟ್ರೇ. ನಾನೇ."

ಡಾಕ್ಟರಮ್ಮನ ಮುಖ ಬಿಗಿಯಿತು. "ಕುರ್ಚಿ ವಿಷಯ ಆಮೇಲೆ ನೋಡೋಣ. ಆಯಮ್ಮ, ನೀನು ಒಳಗೆ ಹೋಗು."

ಆಮೇಲೆ ಅಂದರೇನು ಅಂತ ನರ್ಸಮ್ಮನಿಗೆ ಗೊತ್ತಿಲ್ಲವೇ! ಮೊಣಕಾಲು ಹಿಡಿದುಕೊಂಡು ಮೇಲೆದ್ದಳು.

ಆಯಮ್ಮ ಹತ್ತಿರ ಬಂದಳು. "ನಿನ್ನೆ ನೀವು ಚುಚ್ಚಿದ್ದು ನಾನು ನೋಡಿದ್ದೆ, ನರ್ಸಮ್ಮ."

"ಅಯ್ಯೋ ಅಕ್ಕಾ! ಮತ್ತೆ ಹೇಳ್ಬಾರ್ದಿತ್ತಾ?"

"ನಾನು ಹೇಳಿದ್ರೆ ಯಾರು ನಂಬ್ತಿದ್ರು?"